ಒಂದೇ ಹಳ್ಳದ ನೀರು



ವೈರವೆಂಬುದು ಮನುಷ್ಯನ ಒಳಗೆ ಎಲ್ಲಿ ನೆಲೆಸಿರುತ್ತದೆ ಎಂದು ನಿನ್ನೆ ಭಕ್ತರೊಬ್ಬರು ನಮ್ಮನ್ನು ಕೇಳಿದರು. ಶಾಸ್ತ್ರವಾಕ್ಯಕ್ಕಿಂತ ನಡೆದ ಸಂಗತಿಯೊಂದನ್ನೇ ಹೇಳುತ್ತೇವೆ, ಸಾವಧಾನದಿಂದ ಕೇಳಬೇಕು.

ಸ್ಪೇನ್ ದೇಶದಲ್ಲಿ ತಾಲವೇರಾ ಎಂಬುದೊಂದು ಊರು. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನು ತನ್ನ ಅಣ್ಣ ಜೋಸೆಫನನ್ನು ಆ ದೇಶದ ಸಿಂಹಾಸನದ ಮೇಲೆ ಕೂರಿಸಿದ್ದನು. ಜನರು ಒಪ್ಪಲಿಲ್ಲ, ಅವರ ನೆರವಿಗೆ ಇಂಗ್ಲಿಷರು ಬಂದರು. ಅವರ ಸೇನಾಪತಿ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡವನು ಇವನೇ. ನಮ್ಮ ನಾಡಿನ ನೀರು ಕುಡಿದುಹೋದವನು ಎನ್ನಿ.

1809ರ ಜುಲೈ 27 ಮತ್ತು 28ರಂದು ಯುದ್ಧವಾಯಿತು. ಇಂಗ್ಲಿಷರು ಸುಮಾರು 20,000 ಮಂದಿ, ಫ್ರೆಂಚರು ಸುಮಾರು 46,000. ಸ್ಪೇನಿನ ಸೈನ್ಯವೂ ದೊಡ್ಡದೇ. ಆದರೆ ಹೋರಾಟದ ಭಾರವೆಲ್ಲ ಇಂಗ್ಲಿಷರ ಮೇಲೆ ಬಿತ್ತು. ನಡುವೆ ಪೋರ್ಟಿನಾ ಎಂಬ ಸಣ್ಣ ಹಳ್ಳ.

ರಾತ್ರಿ ಒಮ್ಮೆ, ಬೆಳಗಿನ ಜಾವ ಮತ್ತೊಮ್ಮೆ ಫ್ರೆಂಚರು ಗುಡ್ಡವೇರಿ ಬಂದು ಹಿಮ್ಮೆಟ್ಟಿದರು. ಆಮೇಲೆ ಕೆಲವು ತಾಸು ಗುಂಡಿನ ಸದ್ದು ನಿಂತಿತು. ಉರಿಬಿಸಿಲು, ಬಾಯಾರಿಕೆ. ಯಾರ ಅಪ್ಪಣೆಯನ್ನೂ ಕಾಯದೆ ಎರಡೂ ಕಡೆಯ ಸಿಪಾಯಿಗಳು ಹಳ್ಳಕ್ಕಿಳಿದರು. ಈ ದಡದಲ್ಲಿ ಇವರು, ಆ ದಡದಲ್ಲಿ ಅವರು. ನೀರು ಕುಡಿದರು, ಗಾಯಾಳುಗಳನ್ನು ಹೊತ್ತೊಯ್ದರು. ಮಾತು ತಿಳಿಯದಿದ್ದರೂ ಕೆಲವರು ಕೈಕುಲುಕಿದರು. ಭಕ್ತರೇ, ಆ ಹೊತ್ತಿನಲ್ಲಿ ವೈರ ಎಲ್ಲಿತ್ತು? ಹಿಂದಿನ ರಾತ್ರಿ ಕೊಂದ ಕೈಗಳೇ ಅವು. ಮತ್ತೆ ನಗಾರಿ ಬಾರಿಸಿತು. ಒಬ್ಬೊಬ್ಬನೂ ತನ್ನ ತನ್ನ ಸಾಲಿಗೆ ಹೋಗಿ ನಿಂತನು. ನೀರಡಿಕೆ ಅವರದೇ ಆಗಿತ್ತು, ನಗಾರಿ ಮಾತ್ರ ಬೇರೆಯವರದು.

ಮಧ್ಯಾಹ್ನದ ಕಾಳಗವೇ ಘೋರವಾದುದು. ಎರಡು ದಿನಗಳಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಇಂಗ್ಲಿಷರಲ್ಲಿ 5,000ಕ್ಕೂ ಹೆಚ್ಚು, ಫ್ರೆಂಚರಲ್ಲಿ 7,000ಕ್ಕೂ ಹೆಚ್ಚು. ಕೊನೆಗೆ ಒಣಹುಲ್ಲಿಗೆ ಬೆಂಕಿ ಹತ್ತಿತು. ಏಳಲಾರದೆ ಬಿದ್ದಿದ್ದ ಗಾಯಾಳುಗಳು ಇದ್ದಲ್ಲಿಯೇ ಬೆಂದರು. ಬೆಂಕಿಯು ಇವನು ಯಾವ ರಾಜನವನೆಂದು ಕೇಳಲಿಲ್ಲ. ಹೇಳುವಾಗ ನಮಗೇ ನಾಲಿಗೆ ತಡವರಿಸುತ್ತದೆ.

ಫ್ರೆಂಚರು ಹಿಂದೆ ಸರಿದರು. ಗೆದ್ದ ವೆಲ್ಲೆಸ್ಲಿಗೆ ವೆಲಿಂಗ್ಟನ್ ಎಂಬ ಬಿರುದು ಬಂದಿತು. ಆದರೆ ಬೇರೊಂದು ಫ್ರೆಂಚ್ ಸೇನೆ ಹಿಂದಿನಿಂದ ಬರುತ್ತಿದೆಯೆಂದು ತಿಳಿದು, ವಾರದೊಳಗೆ ಅವನೂ ಊರು ಬಿಟ್ಟು ಪೋರ್ಚುಗಲ್ಲಿನ ಕಡೆಗೆ ತಿರುಗಬೇಕಾಯಿತು. ನಡೆಯಲಾರದ ಗಾಯಾಳುಗಳನ್ನು ಹಿಂದೆಯೇ ಬಿಟ್ಟನು. ಅವರು ಫ್ರೆಂಚರ ಕೈಸೇರಿದರು, ಅದೇ ಹಳ್ಳದ ಊರಿನಲ್ಲಿ.