ಪಾದಕ್ಕೆ ಪಟ್ಟಿ, ಕೊರಳಿಗೆ ಮುತ್ತು
(ಸಿರುಗುಪ್ಪದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಇಂದಿನ ವಿಷಯ ‘ರೂಢಿ ಮತ್ತು ಹೆಣ್ಣುಮಗು’. ಮೊದಲು ಚೀನಾ ದೇಶದ ಮಾತು ಹೇಳುತ್ತೇನೆ. ಅಲ್ಲಿ ನೂರಾರು ವರ್ಷ ಹೆಣ್ಣುಮಕ್ಕಳ ಪಾದ ಕಟ್ಟುವ ರೂಢಿ ಇತ್ತು. ಐದಾರು ವರ್ಷದ ಮಗುವಿನ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳುಗಳನ್ನು ಅಂಗಾಲಿನ ಕೆಳಗೆ ಮಡಚಿ, ಉದ್ದನೆಯ ಪಟ್ಟಿಯಿಂದ ಬಿಗಿದು ಸುತ್ತುತ್ತಿದ್ದರು. ಎಲುಬು ಮುರಿಯುತ್ತಿತ್ತು, ಕೀವಾಗುತ್ತಿತ್ತು; ನಂಜೇರಿ ಸತ್ತ ಮಕ್ಕಳೂ ಉಂಟು. ಮೂರಂಗುಲದ ಆ ಪಾದಕ್ಕೆ ‘ಬಂಗಾರದ ತಾವರೆ’ ಎಂಬ ಹೆಸರು! ಕಟ್ಟುತ್ತಿದ್ದವಳು ಹೆತ್ತ ತಾಯಿ, ಇಲ್ಲವೇ ಅಜ್ಜಿ. ಆ ತಾಯಿಗೆ ಕರುಳಿರಲಿಲ್ಲವೆ? ಇತ್ತು. ದೊಡ್ಡ ಪಾದದ ಹುಡುಗಿಗೆ ಒಳ್ಳೆಯ ಮನೆಯ ಗಂಡು ಸಿಗುವುದಿಲ್ಲ ಎಂಬ ಭಯವೂ ಇತ್ತು. ಆ ಭಯ ಗೆದ್ದಿತು.

‘ಪಾಪ, ಚೀನಾದವರು’ ಎಂದು ಮರುಗಿ ಎದ್ದು ಹೋಗುವಂತಿಲ್ಲ. ನಮ್ಮ ತುಂಗಭದ್ರೆಯ ದಂಡೆಯಲ್ಲಿ ಪಾದ ಕಟ್ಟಲಿಲ್ಲ, ಮುತ್ತು ಕಟ್ಟಿದರು. ಕೆಂಪು-ಬಿಳಿ ಮುತ್ತಿನ ಸರ ಕೊರಳಿಗೆ ಬಿದ್ದ ಮಗು ‘ದೇವರ ಹೆಂಡತಿ’ ಎನಿಸಿಕೊಂಡಳು. ಮೈನೆರೆದ ಮೇಲೆ ಊರಿನ ಉಳ್ಳವರ ಪಾಲಾದಳು. ಬಹುಪಾಲು ಈ ಮಕ್ಕಳು ದಲಿತರ ಕೇರಿಯವರು. ಗಂಡು ಸಂತಾನವಿಲ್ಲ, ಬಡತನವಿದೆ, ಮನೆಯಲ್ಲಿ ರೋಗವಿದೆ, ಕೂದಲು ಜಡೆಗಟ್ಟಿದೆ: ಮುತ್ತು ಕಟ್ಟಲು ಇಷ್ಟೇ ನೆಪ ಸಾಕಾಯಿತು. ಅವಳ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ನಿಂತರು.

‘ಅದು ನಮ್ಮ ಮನೆಯ ಮಾತಲ್ಲ’ ಎಂದು ನಮ್ಮವರು ಅನ್ನುವುದನ್ನು ಕೇಳಿದ್ದೇನೆ. ಮಗು ಅವರ ಕೇರಿಯದು, ನಿಜ. ಆ ಮಗುವನ್ನು ಇಟ್ಟುಕೊಂಡವರು ಯಾರು? ಹೊಲ-ಗದ್ದೆ ಉಳ್ಳ ಮನೆಗಳವರು. ಅವರಲ್ಲಿ ನಮ್ಮವರು ಇರಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ?

ಕಾನೂನು ಬಂದಿಲ್ಲವೆಂದಲ್ಲ. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದಾಗಲೇ, 1947ರಲ್ಲಿ, ಅಲ್ಲಿನ ಸರಕಾರ ದೇವದಾಸಿ ಬಿಡುವುದನ್ನು ನಿಷೇಧಿಸಿತು. ಅದಕ್ಕಾಗಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಎರಡು ದಶಕ ಹೋರಾಡಿದ್ದರು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಮಗಳಿಗೆ ಮುತ್ತು ಕಟ್ಟಿಸಿದ ತಂದೆ-ತಾಯಿಗೆ 5 ವರ್ಷದವರೆಗೆ ಸೆರೆಮನೆ. ಮುತ್ತು ಕಟ್ಟಿಸಿಕೊಂಡವಳ ಮದುವೆ ಸಿಂಧು. ಆದರೂ ಗುಡಿಯ ಮುಂದೆ ನಿಂತದ್ದು ಕತ್ತಲಲ್ಲಿ, ಮನೆಯೊಳಗೆ, ಗುಟ್ಟಾಗಿ ನಡೆಯಿತು.

ಚೀನಾದಲ್ಲೂ ಹೀಗೆಯೇ ಆಯಿತು. 17ನೇ ಶತಮಾನದಲ್ಲಿ ಮಂಚು ಅರಸರು ನಿಷೇಧ ಹೊರಡಿಸಿ, ನಡೆಯದೆ ಹಿಂತೆಗೆದುಕೊಂಡರು. 1890ರ ದಶಕದಲ್ಲಿ ಪಾದ ಕಟ್ಟುವುದರ ವಿರುದ್ಧ ಸಂಘಗಳು ಹುಟ್ಟಿದವು. ಅವುಗಳ ಸದಸ್ಯರು ಮಾಡಿದ ಆಣೆ ಎರಡೇ: ಮಗಳ ಪಾದ ಕಟ್ಟುವುದಿಲ್ಲ, ಪಾದ ಕಟ್ಟಿದ ಹೆಣ್ಣನ್ನು ಮಗನಿಗೆ ತಂದುಕೊಳ್ಳುವುದಿಲ್ಲ. ಗಂಡಿನ ಮನೆಯವರು ಬದಲಾದಾಗ ಹೆಣ್ಣು ಹೆತ್ತವಳ ಭಯ ಸಡಿಲಿತು. 1912ರಲ್ಲಿ ಗಣರಾಜ್ಯ ನಿಷೇಧಿಸಿದಾಗ ಅದಕ್ಕೆ ಜನರ ಬೆಂಬಲವಿತ್ತು. ಹಳ್ಳಿಗಾಡಿನಲ್ಲಿ ಪೂರ್ತಿ ನಿಲ್ಲಲು ಮತ್ತೂ ಕೆಲವು ದಶಕ ಹಿಡಿಯಿತು.

ಇದು ನಮಗೆ ಹೊಸ ಪಾಠವೇನಲ್ಲ. ಹರಳಯ್ಯ-ಮಧುವರಸರು ಮಕ್ಕಳ ಮದುವೆಯಲ್ಲಿಯೇ ತಮ್ಮ ನಂಬಿಕೆಯನ್ನು ಒರೆಗೆ ಹಚ್ಚಿ, ಪ್ರಾಣ ತೆತ್ತರು. ಸೂಳೆ ಸಂಕವ್ವೆಯನ್ನು ಶರಣರು ಹೊರಗಿಡಲಿಲ್ಲ. ಆಕೆಯ ವಚನ ನಮ್ಮ ಸಂಪುಟದಲ್ಲಿದೆ. ಇಷ್ಟಲಿಂಗ ಕಟ್ಟಿಸಿಕೊಂಡ ಹೆಣ್ಣು ಯಾರ ಸ್ವತ್ತೂ ಅಲ್ಲವೆಂದು ಸಾರಿದ ಧರ್ಮ ನಮ್ಮದು.

ಈಗ ನಮ್ಮ ಆಣೆ ಯಾವುದು? ದೇವದಾಸಿ ತಾಯಿಯ ಮಕ್ಕಳು ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ವರ-ಕನ್ಯೆಯ ಮಾತು ಬಂದಾಗ ‘ತಂದೆ ಯಾರು?’ ಎಂಬ ಪ್ರಶ್ನೆಗೆ ಸಂಬಂಧ ಮುರಿಯುತ್ತದೆ. ನಮ್ಮ ಮಠದ ಸಾಮೂಹಿಕ ವಿವಾಹದಲ್ಲಿ ಆ ಪ್ರಶ್ನೆಯನ್ನು ಕೈಬಿಡೋಣ. ತಾಯಿಯ ಹೆಸರು ಸಾಕೆನ್ನೋಣ. ‘ದೇವದಾಸಿಯ ಮಗಳೆಂಬ ಕಾರಣಕ್ಕೆ ಸೊಸೆಯನ್ನು ಬೇಡವೆನ್ನೆನು’ ಎಂದು ಗಂಡು ಹೆತ್ತವರು ಪೂಜ್ಯರ ಸಮ್ಮುಖದಲ್ಲಿ ಹೇಳಲಿ. ನನಗೂ ಒಬ್ಬ ಮಗನಿದ್ದಾನೆ. ಮೊದಲ ಆಣೆ ನನ್ನದೇ ಇರಲಿ.