ಕಟುಕ ಅಂದ್ರೆ ಯಾರು?

ಇವತ್ತು ಒಂದೇ ಒಂದು ಪದ: ಕಟುಕ.

ಟಿವಿ ಹಾಕಿ ನೋಡಿ. ಹೆಂಡತಿಯನ್ನು ಕೊಂದವನು ‘ಕಟುಕ ಗಂಡ’, ಅಪ್ಪನಿಗೆ ಚಾಕು ಹಾಕಿದವನು ‘ಕಟುಕ ಮಗ’. ಆದರೆ ಇದು ಮೂಲದಲ್ಲಿ ಒಂದು ವೃತ್ತಿಯ ಹೆಸರು. ಮಾಂಸ ಕಡಿದು ಮಾರುವವನು, ಅಷ್ಟೇ.

ಬಹಳ ಜನ ಇದನ್ನು ‘ಕಟು’ ಜತೆ ಸೇರಿಸಿ, ಕಟು ಮನಸ್ಸಿನವನೇ ಕಟುಕ ಅಂದ್ಕೋತಾರೆ. ಕಿವಿಗೆ ಸರಿ ಅನ್ನಿಸುತ್ತೆ, ಆದ್ರೆ ಪದ ಬಂದ ದಾರಿ ಬೇರೆ. ಸಂಸ್ಕೃತದಲ್ಲಿ ‘ಖಟ್ಟಿಕ’ ಅಂದ್ರೆ ಮಾಂಸದ ಕೆಲಸದವನು. ಹಿಂದಿಯಲ್ಲಿ ಖಟಿಕ್, ಮರಾಠಿಯಲ್ಲಿ ಖಾಟೀಕ್, ತೆಲುಗಿನಲ್ಲಿ ಕಟಿಕ, ನಮ್ಮಲ್ಲಿ ಕಟಿಕ, ಕಟುಕ. ಕಟಿಕ ಅನ್ನೋದು ಸಮುದಾಯದ ಹೆಸರೂ ಹೌದು, ಕರ್ನಾಟಕದಲ್ಲೂ ಅವರಿದ್ದಾರೆ. ಕೊಲೆಗಾರನಿಗೆ ತಮ್ಮ ಕೆಲಸದ ಹೆಸರಿಟ್ಟ ಹೆಡ್‌ಲೈನ್ ಓದುವಾಗ ಆ ಮನೆ ಮಕ್ಕಳಿಗೆ ಹೇಗಾಗಬೇಡ? ಇದನ್ನು ಪ್ರಕಟಿಸೋ ಸುದ್ದಿತಾಣದವರಿಗೂ ಸೇರಿಸಿಯೇ ಕೇಳ್ತಿದ್ದೀನಿ.

ಇನ್ನೊಂದು ಪದ ಕಸಾಯಿ. ಅರಬ್ಬಿಯ ‘ಕಸ್ಸಾಬ್’, ಅಂದ್ರೆ ಕತ್ತರಿಸುವವನು, ಅದರಿಂದ ಬಂದದ್ದು. ಮಜಾ ಏನಂದ್ರೆ, ನಮ್ಮ ‘ಕಸಬು’ ಕೂಡ ಅರಬ್ಬಿಯದೇ, ಆದರೆ ಅದರ ಮೂಲ ಗಳಿಕೆ, ದುಡಿಮೆ. ಅರಬ್ಬಿಯಲ್ಲಿ ಈ ಎರಡು ಪದಗಳ ಕ, ಸ ಬೇರೆ ಬೇರೆ ಅಕ್ಷರಗಳು. ಕನ್ನಡಕ್ಕೆ ಬಂದ ಮೇಲೆ ಅಣ್ಣತಮ್ಮಂದಿರ ಥರ ಕಾಣ್ತವೆ. ಬಿಕಾಂ ಓದಿದ ನನಗೆ ಈ ನಂಟು ಸುಳ್ಳಾದ್ರೂ ಇಷ್ಟ. ಇಂಗ್ಲಿಷಿನ ‘ಬುಚರ್’ ಹಳೇ ಫ್ರೆಂಚಿನದು, ಹೋತ ಕಡಿಯುವವನು ಅಂತ. ಅವರೂ ಅದನ್ನ ಬೈಗುಳ ಮಾಡ್ಕೊಂಡಿದ್ದಾರೆ.

ಈಗ ನಮ್ಮ ಜಾವಗಲ್‌ಗೆ ಬನ್ನಿ. ಹೊಯ್ಸಳರ ಲಕ್ಷ್ಮೀನರಸಿಂಹ ಗುಡಿ, ದರ್ಗಾ ಎರಡೂ ಇರೋ ಊರು. ಇಲ್ಲಿ ಅಂಗಡಿ ಮುಂದೆ ನಿಂತು ‘ಕಟುಕರೇ, ಅರ್ಧ ಕೆಜಿ ಕೊಡಿ’ ಅಂತ ಯಾರೂ ಕೇಳಲ್ಲ. ‘ಅಣ್ಣ’ ಅಂತಾರೆ, ‘ಭಾಯ್’ ಅಂತಾರೆ. ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಬೆಳಗಾಗೋ ಮುಂಚೆಯೇ ಸಾಲು. ‘ಎಳೇದು ಹಾಕಣ್ಣ’, ‘ಬಾಣಂತಿಗೆ, ಕಾಲು ಕೊಡಣ್ಣ’. ಮೂಳೆ ಚೂರಾಗದ ಹಾಗೆ ಸರಿಯಾಗಿ ಕೀಲಿಗೇ ಕತ್ತಿ ಇಳಿಸೋದು, ಬೋಟಿ ಒಡೆಯದ ಹಾಗೆ ಬಿಡಿಸೋದು, ಇದೆಲ್ಲ ವರ್ಷಗಟ್ಟಲೆ ಕಲಿತ ಕೈ. ಅದರಲ್ಲಿ ಕ್ರೌರ್ಯ ಹುಡುಕೋರು ಮಧ್ಯಾಹ್ನ ಸಾರಿನ ಮುಂದೆ ಸುಮ್ಮನಾಗ್ತಾರೆ.

ಒಬ್ಬ ಅಂಗಡಿಯವರನ್ನೇ ಕೇಳಿದೆ, ನಿಮ್ಮನ್ನ ಏನಂತ ಕರೀಬೇಕು ಅಂತ. ಕತ್ತಿ ಮಸೀತಾ ಹೇಳಿದ್ರು: “ಮಟನ್ ಅಂಗಡಿಯವ್ರು ಅನ್ನಿ ಸಾಕು. ನಿಮಗೆ ಅರ್ಧನಾ, ಒಂದಾ?”