ಚಾಕಿ ಸಾಕಣೆ: ಊರಲ್ಲೇ ಉಳಿದು ಮಾಡಬಹುದಾದ ಕಸುಬು

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಕೊಳ್ಳೇಗಾಲ, ಯಳಂದೂರು, ಹನೂರು ಸೀಮೆಗೆ ರೇಷ್ಮೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಕಾಲಕ್ಕಾಗಲೇ ಇಲ್ಲಿ ಹಿಪ್ಪುನೇರಳೆ ಬೇರೂರಿತ್ತು. ಈಗ ಇಲ್ಲಿನ ಓದಿದ ಹುಡುಗರು ಸಣ್ಣ ಪಟ್ಟಣದಲ್ಲಿ ಏನಾದರೂ ಸ್ವಂತ ಕಸುಬು ಹೂಡಬೇಕೆಂದರೆ ಮೊದಲು ನೆನೆಯುವುದು ಅಂಗಡಿಯನ್ನು, ಇಲ್ಲವೆ ಸರಕು ಸಾಗಿಸುವ ಆಟೋವನ್ನು. ಮನೆಯ ಹಿಂದೆಯೇ ಇರುವ ಒಂದು ಕಸುಬು ಅವರ ಕಣ್ಣಿಗೆ ಬೀಳುವುದಿಲ್ಲ. ಅದು ಚಾಕಿ ಸಾಕಿ ಕೊಡುವ ಕಸುಬು.

ರೇಷ್ಮೆ ಹುಳುವಿಗೆ ನಾಲ್ಕು ಜ್ವರ, ಐದು ಹಂತ. ಮೊಟ್ಟೆಯೊಡೆದ ದಿನದಿಂದ ಎರಡನೆಯ ಜ್ವರದವರೆಗಿನ ಏಳೆಂಟು ದಿನಗಳ ಸಾಕಣೆಯೇ ಚಾಕಿ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ ಈ ಅವಧಿಯಲ್ಲಿ ಖರ್ಚಾಗುತ್ತದೆ. ಕೆಲಸ ಚಿಕ್ಕದು, ಎಚ್ಚರ ದೊಡ್ಡದು. 27–28 ಡಿಗ್ರಿ ಸೆಲ್ಸಿಯಸ್ ಶಾಖ, ನೂರಕ್ಕೆ 85ರ ಆಸುಪಾಸು ತೇವ, ಸಣ್ಣಗೆ ಕೊಚ್ಚಿದ ಎಳೆ ಸೊಪ್ಪು ಇವು ತಪ್ಪದೆ ಸಿಗಬೇಕು. ಬೇಸಿಗೆಯಲ್ಲಿ ಹನೂರಿನ ಕಡೆಯ ಒಣಹವೆಯಲ್ಲಿ, ವಾಸದ ಮನೆಯ ಮೂಲೆಯಲ್ಲಿ, ಇದನ್ನು ಪ್ರತಿಯೊಬ್ಬ ರೈತನೂ ಮಾಡಿಕೊಳ್ಳುವುದು ಕಷ್ಟ. ಒಬ್ಬನು ಇಪ್ಪತ್ತು ಮನೆಗಳ ಪರವಾಗಿ ಮಾಡಿಕೊಟ್ಟರೆ ಎಲ್ಲರಿಗೂ ಒಳ್ಳೆಯದು.

ಆದರೆ ಅಪಾಯವೂ ಇಲ್ಲೇ ಇದೆ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನು ಒಂದು ಮೊಟ್ಟೆ ಎಂದೇ ಎಣಿಸುವುದು ವಾಡಿಕೆ. ಅದರಲ್ಲಿ 400ರಿಂದ 500 ಮರಿಗಳಿರುತ್ತವೆ. ಒಂದು ಬ್ಯಾಚಿಗೆ 3,000 ಮೊಟ್ಟೆ ಕಟ್ಟಿ, ತಲಾ 150ರಂತೆ 20 ಮನೆಗೆ ಕೊಟ್ಟರೆಂದು ಇಟ್ಟುಕೊಳ್ಳಿ. ಚಾಕಿಯಲ್ಲಿ ಗಂಟು ರೋಗ ಹೊಕ್ಕಿದ್ದರೆ ಇಪ್ಪತ್ತು ಮನೆಯ ಬೆಳೆಯೂ ಹೋಯಿತು. ಅಷ್ಟು ಮನೆಗಳಲ್ಲಿ ಮಗಳ ಮದುವೆಯೋ, ಸೊಸೈಟಿ ಸಾಲದ ಕಂತೋ ಆ ಗೂಡಿನ ಹಣವನ್ನೇ ಕಾದಿರುತ್ತದೆ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಇದರ ಹಿಂದೆ ಬಿದ್ದು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ರೂಢಿಗೆ ತಂದರು. ಬಿತ್ತನೆ ಕೋಠಿಗಳು ಇಂದಿಗೂ ನಡೆಯುವುದು ಆ ಹಾದಿಯಲ್ಲೇ. ಆದ್ದರಿಂದ ನಾಲ್ಕು ಕಾಸು ಅಗ್ಗವೆಂದು ಗುರುತಿಲ್ಲದ ಕಡೆ ಮೊಟ್ಟೆ ತರುವವನು ಈ ಕಸುಬಿಗೆ ಕೈ ಹಾಕದಿರುವುದೇ ಲೇಸು.

ಕಟ್ಟಡಕ್ಕಿಂತ ಮೊದಲು ತೋಟ. ಅನೇಕರು ಸಾಲ ತಂದು ಸಾಕಣೆ ಮನೆ ಕಟ್ಟಿ, ಅನಂತರ ಸೊಪ್ಪಿಗೆ ಅಲೆಯುತ್ತಾರೆ. ಚಾಕಿಗೆ ಪ್ರತ್ಯೇಕ ತೋಟ ಬೇಕು. ಎಸ್-36 ತಳಿಯ ಮೆದು ಎಲೆ ಇದಕ್ಕೆ ಒಗ್ಗುತ್ತದೆ. ಬೆಳೆದ ಹುಳುವಿಗೆ ವಿ-1 ಆದೀತು. ಕೊಟ್ಟಿಗೆ ಗೊಬ್ಬರದಲ್ಲಿ ಜಿಪುಣತನ ಕೂಡದು. ತೋಟವನ್ನು ಪಾತಿಗಳಾಗಿ ವಿಂಗಡಿಸಿ, ದಿನ ಬಿಟ್ಟು ದಿನ ಸವರುತ್ತಾ ಬಂದರೆ ಪ್ರತಿ ಬ್ಯಾಚಿಗೂ ಒಂದೇ ಹದದ ಎಳೆ ಸೊಪ್ಪು ಸಿಗುತ್ತದೆ. ಎಷ್ಟು ಸೊಪ್ಪೋ ಅಷ್ಟೇ ಮೊಟ್ಟೆ. ಪಕ್ಕದ ಅರಿಸಿನಕ್ಕೋ ಬಾಳೆಗೋ ಔಷಧಿ ಹೊಡೆಯುವ ದಿನ ತಿಳಿಸುವಂತೆ ನೆರೆಹೊಲದವರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಹೊಗೆಸೊಪ್ಪಿನ ಪಕ್ಕದಲ್ಲಂತೂ ಚಾಕಿ ತೋಟ ಬೇಡವೇ ಬೇಡ.

ಮೊಟ್ಟೆಯಲ್ಲಿ ನೀಲಿ ಚುಕ್ಕೆ ಕಂಡಾಗ ಕಪ್ಪು ಬಟ್ಟೆ ಮುಚ್ಚಿ ಕತ್ತಲಲ್ಲಿಟ್ಟು, ಮರಿಯೊಡೆಯುವ ದಿನ ಬೆಳಿಗ್ಗೆ ಬೆಳಕಿಗೆ ತೆರೆದರೆ ಮರಿಗಳು ಒಟ್ಟಿಗೆ ಹೊರಬರುತ್ತವೆ. ಇಪ್ಪತ್ತು ಮನೆಗೆ ಒಂದೇ ದಿನ ಕೊಡಬೇಕಾದವನಿಗೆ ಇದು ಬಹು ಮುಖ್ಯ. ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ತೆಳುವಾಗಿ ಸುಣ್ಣ ಧೂಳಿಸಿ, ಗಾಳಿಯಾಡಿಸಬೇಕು. ಎರಡು ಬ್ಯಾಚುಗಳ ನಡುವೆ ಮನೆ, ತಟ್ಟೆಗಳನ್ನು ತೊಳೆದು ಸೋಂಕು ನಿವಾರಣೆ ಮಾಡಿ ಬಿಡುವು ಕೊಡಬೇಕು. ಬೇಡಿಕೆ ಹೆಚ್ಚಿದೆಯೆಂದು ಈ ಬಿಡುವನ್ನು ನುಂಗುವುದೇ ಎಷ್ಟೋ ಕೇಂದ್ರಗಳಿಗೆ ಮುಳುವಾಗುತ್ತದೆ.

ಇನ್ನು ಲೆಕ್ಕದ ಮಾತು. ಮೊಟ್ಟೆಗೆ ನಗದು, ಆಳಿಗೆ ವಾರದ ಕೂಲಿ; ಮರಿ ಒಯ್ದ ರೈತನ ಕೈಗೆ ಗೂಡಿನ ಹಣ ಬರುವುದು ಮೂರು ನಾಲ್ಕು ವಾರದ ಮೇಲೆ. ಎಲ್ಲರಿಗೂ ಕಡ ಕೊಟ್ಟರೆ ಮೂರನೆಯ ಬ್ಯಾಚಿಗೆ ಕೈ ಖಾಲಿ. ಮೊಟ್ಟೆ ಹೇಳುವಾಗಲೇ ಅದರ ಬೆಲೆಯಷ್ಟು ಮುಂಗಡ, ಮರಿ ಒಯ್ಯುವಾಗ ಉಳಿದದ್ದು ಎಂಬ ಕಟ್ಟುಪಾಡು ಮೊದಲ ದಿನವೇ ಇರಲಿ. ನೆಂಟರಿಗೆ ಬೇರೆ ನಿಯಮ ಮಾಡಿದರೆ ಕೊನೆಗೆ ಎಲ್ಲರೂ ನೆಂಟರೇ ಆಗುತ್ತಾರೆ!

ಪುಸ್ತಕವೊಂದನ್ನಿಟ್ಟು ಬಿತ್ತನೆ ಕೋಠಿಯ ಹೆಸರು, ಮೊಟ್ಟೆಯ ಲಾಟು ಸಂಖ್ಯೆ, ಮರಿಯಾದ ಪ್ರಮಾಣ, ಕೊಟ್ಟ ದಿನ, ಒಯ್ದವರ ಸಹಿ ಬರೆದಿಡಬೇಕು. ಬೆಳೆ ಕೆಟ್ಟಾಗ ತಪ್ಪು ಮೊಟ್ಟೆಯದೋ, ಚಾಕಿಯದೋ, ರೈತನ ಮನೆಯದೋ ಎಂಬ ಜಗಳ ಬಂದೇ ಬರುತ್ತದೆ. ಒಂದೇ ಲಾಟಿನ ಮರಿ ಹತ್ತೊಂಬತ್ತು ಮನೆಯಲ್ಲಿ ಚೆನ್ನಾಗಿದ್ದು ಒಂದು ಮನೆಯಲ್ಲಿ ಸತ್ತಿದ್ದರೆ ಪುಸ್ತಕವೇ ಸಾಕ್ಷಿ. ಹತ್ತು ಮನೆಯಲ್ಲಿ ಕೆಟ್ಟಿದ್ದರೆ ಕೇಂದ್ರದವನೇ ಮುಂದಾಗಿ ಒಪ್ಪಿ, ಮುಂದಿನ ಬ್ಯಾಚಿನಲ್ಲಿ ಸರಿದೂಗಿಸಬೇಕು. ತಲೆಮರೆಸಿಕೊಂಡವನ ಬಳಿಗೆ ಮತ್ತೆ ಯಾರೂ ಬರುವುದಿಲ್ಲ.

ಕೇಂದ್ರ ರೇಷ್ಮೆ ಮಂಡಳಿ ಕಾಯಿದೆಗೆ 2006ರಲ್ಲಿ ಆದ ತಿದ್ದುಪಡಿ ಹಾಗೂ 2010ರ ಬಿತ್ತನೆ ನಿಯಮಗಳಂತೆ ಚಾಕಿ ಸಾಕಿ ಮಾರುವವರು ನೋಂದಣಿ ಮಾಡಿಸಬೇಕು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇಲ್ಲಿಗೆ ದೂರವಲ್ಲ. ಹಣ ಹೂಡುವ ಮುಂಚೆ ತರಬೇತಿ ಪಡೆದು, ನಡೆಯುತ್ತಿರುವ ಒಂದು ಕೇಂದ್ರದಲ್ಲಿ ಎರಡು ಬ್ಯಾಚು ಕೂಲಿಯಾಳಾಗಿ ದುಡಿದು ನೋಡುವುದು ಮೇಲು.

ಮರಿಗಳನ್ನು ಎರಡನೆಯ ಜ್ವರಕ್ಕೆ ಕೂತಿರುವಾಗಲೇ, ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಸಾಗಿಸಬೇಕು. ಆಗ ಅವು ಮೇಯುವುದಿಲ್ಲ, ಹಸಿವಿನ ಚಿಂತೆಯಿಲ್ಲ. ತಟ್ಟೆ ಕೈಗೆ ಕೊಡುವ ಮುಂಚೆ, "ನಿಮ್ಮ ಹುಳು ಮನೆ ತೊಳೆದು ಔಷಧಿ ಹೊಡೆದಿದ್ದೀರಾ, ಅಣ್ಣಾ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಇಲ್ಲವೆಂದರೆ ಅವರ ಮರಿಗಳನ್ನು ಮುಂದಿನ ಬ್ಯಾಚಿಗೆ ಬರೆದುಕೊಳ್ಳಿ.